ದೇವರು ಕೊಟ್ಟ, ಪೂಜಾರಿ ಬಿಡ್ತಾನಾ?



ಆಯುಧ ಪೂಜೆ ಬಂತು. ಬೂದುಗುಂಬಳಕಾಯಿ ರೇಟು ಏರಿದೆ, ಚೆಂಡು ಹೂವಿನ ರೇಟು ಏರಿದೆ. ಆದರೆ ಈ ವರ್ಷ ಒಂದು ವಸ್ತುವಿನ ರೇಟು ಇಳಿದಿದೆ ಅಂತ ಪೇಪರ್ ತುಂಬಾ ಜಾಹೀರಾತು. ಯಾವುದು? ಬೈಕು. 2025ರ ಸೆಪ್ಟೆಂಬರ್ 22, ನವರಾತ್ರಿಯ ಮೊದಲ ದಿನದಿಂದಲೇ, 350 ಸಿಸಿ ತನಕದ ಬೈಕುಗಳ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಬಂದಿದೆ. ಒಳ್ಳೇ ಸುದ್ದಿ. ಒಳ್ಳೇದನ್ನ ಒಳ್ಳೇದು ಅಂತಲೇ ಹೇಳಬೇಕು.

ಇವತ್ತು ನಾನು ಯಾವ ಪಾರ್ಟಿ ಬಗ್ಗೆನೂ ಮಾತಾಡಲ್ಲ. ಇಡೀ ಕಾರ್ಯಕ್ರಮ ಒಂದು ಬಿಲ್ಲಿನ ಬಗ್ಗೆ. ಬೈಕ್ ಶೋರೂಮಿನಲ್ಲಿ ಕೊಡ್ತಾರಲ್ಲ, ಆ ಬಿಲ್ಲು. ಎಷ್ಟೋ ಸಲ ಅದನ್ನ ಬಿಲ್ಲು ಅನ್ನೋಕೂ ಆಗಲ್ಲ. ವಿಸಿಟಿಂಗ್ ಕಾರ್ಡಿನ ಹಿಂದೆ ಪೆನ್ನಲ್ಲಿ ಬರೆದುಕೊಟ್ಟ ನಾಲ್ಕು ಅಂಕಿ. ಆ ನಾಲ್ಕು ಅಂಕಿಯಲ್ಲಿ ಸರ್ಕಾರ ಬಿಟ್ಟುಕೊಟ್ಟ ದುಡ್ಡು ನಿಮ್ಮ ಜೇಬಿಗೆ ಬಂತಾ, ಇಲ್ಲಾ ಕೌಂಟರ್ ಆಚೆಗೇ ಉಳೀತಾ? ಅದು ಇವತ್ತಿನ ಪ್ರಶ್ನೆ.

ಮೊದಲು ಒಂದು ಮಾತು. ನಾನು ಹೇಳ್ತಿರೋದು ಲಕ್ಷಗಟ್ಟಲೆ ಕೊಟ್ಟು ಶೋಕಿಗೆ ತಗೊಳ್ಳೋ ಬೈಕಿನ ಕತೆ ಅಲ್ಲ. 100 ಸಿಸಿ, 110 ಸಿಸಿ ಬೈಕು. ಹಾಲಿನ ಕ್ಯಾನು ಎರಡು ಕಡೆ ನೇತುಹಾಕಿಕೊಂಡು ಡೈರಿಗೆ ಹೋಗೋ ಬೈಕು. ಮುಂದೆ ಮಗು, ಹಿಂದೆ ಹೆಂಡತಿ, ಮಧ್ಯದಲ್ಲಿ ರೇಷನ್ ಚೀಲ. ಗಾರೆ ಕೆಲಸದವರು, ಎಲೆಕ್ಟ್ರಿಷಿಯನ್, ಊಟ ತಲುಪಿಸೋ ಹುಡುಗ, ಪಂಚಾಯಿತಿ ಬಿಲ್ ಕಲೆಕ್ಟರ್. ಇವರಿಗೆಲ್ಲ ಬೈಕು ಅಂದ್ರೆ ಹೊಟ್ಟೆಪಾಡು. ದಿನಕ್ಕೆ ಎರಡೇ ಬಸ್ಸು ಬರೋ ಊರುಗಳಿವೆ ನಮ್ಮಲ್ಲಿ. ಅಲ್ಲಿ ಬೈಕ್ ಇಲ್ಲದವನಿಗೆ ಪಟ್ಟಣದ ಕೆಲಸವೇ ಇಲ್ಲ.

ಈ ಬೈಕಿನ ಚರಿತ್ರೆ ಸ್ವಲ್ಪ ನೆನಪು ಮಾಡ್ಕೊಳ್ಳಿ. ನಮ್ಮ ಮೈಸೂರಲ್ಲಿ ಜಾವಾ ತಯಾರಾಗ್ತಿತ್ತು, ಆಮೇಲೆ ಅದೇ ಯೆಜ್ಡಿ ಆಯ್ತು. ಅದರ ಸದ್ದು ಕೇಳಿಯೇ ಯಾರು ಬಂದರು ಅಂತ ಬೀದಿಯವರು ಹೇಳ್ತಿದ್ರು. 1985ರಲ್ಲಿ ಹೀರೋ ಹೋಂಡಾದ ಸಿಡಿ 100 ಬಂತು. ಒಂದು ಸಲ ಪೆಟ್ರೋಲ್ ತುಂಬಿಸಿ ಮರೆತುಬಿಡಿ ಅನ್ನೋ ಜಾಹೀರಾತು. ಫೋರ್ ಸ್ಟ್ರೋಕ್ ಎಂಜಿನ್, ಲೀಟರಿಗೆ ಕಂಡು ಕೇಳರಿಯದ ಮೈಲೇಜು. 1994ರಲ್ಲಿ ಸ್ಪ್ಲೆಂಡರ್ ಬಂತು. 1996ರಲ್ಲಿ ಮೈಸೂರಿನ ಆ ಕಾರ್ಖಾನೆ ಬಾಗಿಲು ಹಾಕ್ತು. ಜನ ಗತ್ತಿಗಿಂತ ಮೈಲೇಜು ಮುಖ್ಯ ಅಂತ ತೀರ್ಮಾನ ಮಾಡಿ ಆಗಿತ್ತು. ಇವತ್ತಿಗೂ ಸೇಲ್ಸ್‌ಮನ್ ಬಾಯಿ ಬಿಡೋಕೆ ಮುಂಚೆ ನಮ್ಮವರು ಕೇಳೋ ಮೊದಲ ಪ್ರಶ್ನೆ, "ಎಷ್ಟು ಕೊಡುತ್ತೆ?"

ಎರಡನೇ ಪ್ರಶ್ನೆ, "ಎಷ್ಟಾಗುತ್ತೆ?" ಅಲ್ಲೇ ಎಡವೋದು.

ಯಾಕೆ ಅಂದ್ರೆ ಬೈಕಿಗೆ ಎರಡು ಬೆಲೆ ಇದೆ. ಟಿವಿಯಲ್ಲಿ, ಪೇಪರಲ್ಲಿ, ಫ್ಲೆಕ್ಸಿನಲ್ಲಿ ಬರೋದು ಎಕ್ಸ್ ಶೋರೂಮ್ ಬೆಲೆ. ನೀವು ಕೊಡೋದು ಆನ್ ರೋಡ್ ಬೆಲೆ. ಈ ಎರಡರ ಮಧ್ಯೆ ಒಂದು ಜಾಗ ಇದೆ ನೋಡಿ, ಅದರಲ್ಲಿ ಅರ್ಧ ಸರ್ಕಾರದ್ದು, ವಿಮೆಯದ್ದು. ಇನ್ನರ್ಧ ಯಾರದ್ದು ಅಂತ ಕೇಳೋರೇ ಇಲ್ಲ.

ಬನ್ನಿ, ಲೆಕ್ಕ ಹಾಕೋಣ. ಲೆಕ್ಕ ಸುಲಭ ಆಗಲಿ ಅಂತ ಒಂದು ಅಂಕಿ ಹಿಡಿದಿದ್ದೀನಿ, ಯಾವ ಕಂಪನಿದೂ ಅಲ್ಲ. ಜಿಎಸ್‌ಟಿ ಇಳಿಯೋ ಮುಂಚೆ ಒಂದು ಬೈಕಿನ ಎಕ್ಸ್ ಶೋರೂಮ್ ಬೆಲೆ 80,000 ಇತ್ತು ಅನ್ನಿ. ಅದರಲ್ಲಿ ಬೈಕಿನ ಅಸಲು 62,500. ಅದರ ಮೇಲೆ ಶೇಕಡಾ 28 ಅಂದ್ರೆ 17,500. ಈಗ ಶೇಕಡಾ 18 ಅಂದ್ರೆ 11,250. ಅಲ್ಲಿಗೆ ಬೈಕಿನ ಹೊಸ ಬೆಲೆ 73,750. ಉಳಿದದ್ದು 6,250 ರೂಪಾಯಿ. ಜೊತೆಗೆ ನಮ್ಮ ರಾಜ್ಯದ ಲೈಫ್ ಟ್ಯಾಕ್ಸ್ ಕೂಡ ಬೆಲೆಯ ಮೇಲೇ ಹಾಕೋದು, ಹಾಗಾಗಿ ಅದೂ ಸ್ವಲ್ಪ ಇಳಿಯುತ್ತೆ. ಒಟ್ಟು 7,000 ಹತ್ತಿರ ಉಳಿಬೇಕು.

ದಿನಗೂಲಿಯವನಿಗೆ 7,000 ಅಂದ್ರೆ ಏನು ಗೊತ್ತಾ? ಹತ್ತು ದಿನದ ದುಡಿಮೆ. ಮಗಳ ಸ್ಕೂಲ್ ಫೀಸಿನ ಒಂದು ಕಂತು.

ಈಗ ಹೊಸ ಬೆಲೆ ಮೇಲೆ ನ್ಯಾಯವಾಗಿ ಏನೇನು ಸೇರಬೇಕು, ಒಂದೊಂದೇ ನೋಡಿ. ಕರ್ನಾಟಕದಲ್ಲಿ 50 ಸಾವಿರದಿಂದ 1 ಲಕ್ಷದ ಒಳಗಿನ ಬೈಕಿಗೆ ಲೈಫ್ ಟ್ಯಾಕ್ಸ್ ಶೇಕಡಾ 12. ಅಂದ್ರೆ 8,850. ಅದರ ಮೇಲೆ ಸೆಸ್ಸು ಗಿಸ್ಸು ಎಲ್ಲಾ ಸೇರಿ ಹತ್ತು ಸಾವಿರದ ಆಸುಪಾಸು. ನೋಂದಣಿ ಶುಲ್ಕ 300, ಆರ್‌ಸಿ ಸ್ಮಾರ್ಟ್ ಕಾರ್ಡಿಗೆ 200. ಸಾಲದ ಮೇಲೆ ತಗೊಂಡ್ರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಬರೆಯೋಕೆ 500. ಕೇಂದ್ರ ಮೋಟಾರು ವಾಹನ ನಿಯಮದಲ್ಲಿ ಇರೋ ದರ ಇದು.

ಆಮೇಲೆ ಇನ್ಶೂರೆನ್ಸ್. ಸುಪ್ರೀಂ ಕೋರ್ಟ್ ಆದೇಶದ ಮೇಲೆ 2018ರ ಸೆಪ್ಟೆಂಬರ್ 1ರಿಂದ ಹೊಸ ಬೈಕಿಗೆ 5 ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. 75ರಿಂದ 150 ಸಿಸಿ ಬೈಕಿಗೆ ಇದರ ದರವನ್ನ ಸರ್ಕಾರವೇ ನಿಗದಿ ಮಾಡಿದೆ, 5 ವರ್ಷಕ್ಕೆ 3,851 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಸುಮಾರು 4,550. ಯಾವ ಕಂಪನಿಗೆ ಹೋದರೂ ಇದೇ ದರ. ನಿಮ್ಮ ಬೈಕ್ ಕಳುವಾದರೆ, ಜಖಂ ಆದರೆ ದುಡ್ಡು ಬರೋ ವಿಮೆ ಬೇರೆ. ಅದು ಕಾನೂನಲ್ಲಿ ಕಡ್ಡಾಯ ಅಲ್ಲ. ಮಾಡಿಸೋದು ಒಳ್ಳೇದು, ಸಾಲ ಕೊಡೋರು ಕೇಳ್ತಾರೆ ಕೂಡ. ಓಡಿಸೋ ಮಾಲೀಕನಿಗೆ 15 ಲಕ್ಷದ ಅಪಘಾತ ವಿಮೆ ಇನ್ನೊಂದು. ನಿಮ್ಮ ಹತ್ರ ಆಗಲೇ ಅಷ್ಟು ಮೊತ್ತದ ಅಪಘಾತ ಪಾಲಿಸಿ ಇದ್ದರೆ ಮತ್ತೆ ತಗೋಬೇಕಾಗಿಲ್ಲ. ಎಲ್ಲಾ ಸೇರಿಸಿ ವಿಮೆಗೆ 7,000 ಅಂತ ಧಾರಾಳವಾಗಿಯೇ ಹಿಡಿಯೋಣ.

ಕೂಡಿಸಿ. 92 ಸಾವಿರದ ಆಸುಪಾಸು ಬರುತ್ತೆ. ಕಾನೂನು ಕೇಳೋದು ಇಷ್ಟೇ.

ಆದರೆ ಶೋರೂಮಿನಲ್ಲಿ ಕಾರ್ಡಿನ ಹಿಂದೆ ಬರೆದುಕೊಡೋದು ಎಷ್ಟು? 99 ಸಾವಿರ, ಇಲ್ಲಾ 1 ಲಕ್ಷ. "ಅಣ್ಣ, ನಿಮಗೆ ಅಂತ 500 ಕಡಿಮೆ ಮಾಡಿದೀನಿ, ಯಾರಿಗೂ ಹೇಳ್ಬೇಡಿ." ಆ 7,000 ಎಲ್ಲಿಂದ ಬಂತು? ದೇವರು ಕೊಟ್ಟರೂ ಪೂಜಾರಿ ಕೊಡ ಅಂತ ಗಾದೆ ಇದೆ. ಇಲ್ಲಿ ಸರ್ಕಾರ ತೆರಿಗೆ ಇಳಿಸಿ ಕೊಟ್ಟ 7,000ಕ್ಕೂ, ಇವರು ಮಧ್ಯದಲ್ಲಿ ಸೇರಿಸಿದ 7,000ಕ್ಕೂ ಸರಿಹೋಯ್ತು. ನಿಮ್ಮ ಮನೆಗೆ ಬಂದದ್ದು ಜಾಹೀರಾತು ಮಾತ್ರ.

ಆ 7,000ಕ್ಕೆ ಒಂದೊಂದು ಹೆಸರಿದೆ. ಹೆಸರುಗಳು ಬಹಳ ಗೌರವಸ್ಥವಾಗಿವೆ.

ಮೊದಲನೇದು ಹ್ಯಾಂಡ್ಲಿಂಗ್ ಚಾರ್ಜ್. ಕೆಲವು ಕಡೆ ಲಾಜಿಸ್ಟಿಕ್ಸ್ ಅಂತಾರೆ, ಕೆಲವು ಕಡೆ ಡಾಕ್ಯುಮೆಂಟೇಷನ್, ಕೆಲವು ಕಡೆ ಬರೀ "ಆರ್‌ಟಿಒ ಖರ್ಚು". ಅಲ್ಲಾ ಸ್ವಾಮಿ, ಗೋಡೌನಿಂದ ಶೋರೂಮಿಗೆ ನಿಮ್ಮ ಸಾಮಾನು ನೀವು ತಂದಿದ್ದಕ್ಕೆ ನಾನ್ಯಾಕೆ ಕೂಲಿ ಕೊಡಬೇಕು? ಅಂಗಡಿಯವನು ಬೆಲ್ಲದ ಅಚ್ಚನ್ನ ಅಟ್ಟದಿಂದ ಇಳಿಸಿದ್ದಕ್ಕೆ ಬೇರೆ ದುಡ್ಡು ಕೇಳ್ತಾನಾ? ಆರ್‌ಟಿಒ ಶುಲ್ಕದ ಪಟ್ಟಿಯಲ್ಲಿ ಹ್ಯಾಂಡ್ಲಿಂಗ್ ಅನ್ನೋ ಹೆಸರೇ ಇಲ್ಲ. ಆರ್‌ಟಿಒಗೆ ಕಟ್ಟಿದ ಪ್ರತಿ ರೂಪಾಯಿಗೂ ಸರ್ಕಾರದ ರಸೀದಿ ಇರುತ್ತೆ. ರಸೀದಿ ಇಲ್ಲದ ದುಡ್ಡು ಆರ್‌ಟಿಒಗೆ ಹೋಗಿಲ್ಲ, ಅಷ್ಟೇ ವಿಷಯ.

ಎರಡನೇದು ಕಿಟ್. ಸೀರೆ ಗಾರ್ಡು, ಕ್ರ್ಯಾಶ್ ಗಾರ್ಡು, ಸೀಟ್ ಕವರು, ಟ್ಯಾಂಕ್ ಕವರು, ಹಿಡಿ, ಮ್ಯಾಟು, ನಂಬರ್ ಪ್ಲೇಟಿನ ಫ್ರೇಮು. "ಇದು ಕಂಪನಿಯಿಂದಲೇ ಫಿಟ್ ಆಗಿ ಬರುತ್ತೆ ಸರ್, ಬಿಚ್ಚೋಕೆ ಆಗಲ್ಲ." ಸುಳ್ಳು. ಇಲ್ಲಿ ಒಂದು ತಮಾಷೆ ಇದೆ, ಗಮನ ಕೊಟ್ಟು ಕೇಳಿ. ಹಿಂದೆ ಕೂರೋರಿಗೆ ಹಿಡಿದುಕೊಳ್ಳೋಕೆ ಹಿಡಿ, ಕಾಲಿಡೋಕೆ ಫುಟ್‌ರೆಸ್ಟು, ಸೀರೆಯೋ ದುಪಟ್ಟಾವೋ ಚಕ್ರಕ್ಕೆ ಸಿಕ್ಕದ ಹಾಗೆ ಹಿಂದಿನ ಚಕ್ರದ ಅರ್ಧಕ್ಕಾದರೂ ರಕ್ಷಣೆ, ಈ ಮೂರೂ ಬೈಕಿನಲ್ಲಿ ಇರಲೇಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮ 123 ಹೇಳುತ್ತೆ. ಅಂದ್ರೆ ಅದು ಬೈಕಿನ ಭಾಗ. ಬೈಕಿನ ಭಾಗವನ್ನೇ ಆಕ್ಸೆಸರಿ ಅಂತ ಬೇರೆ ಬಿಲ್ಲು ಹಾಕಿದರೆ ಅದು ಚಪ್ಪಲಿ ಮಾರಿ ಉಂಗುಷ್ಟಕ್ಕೆ ಬೇರೆ ದುಡ್ಡು ಕೇಳಿದ ಹಾಗೆ. ಇನ್ನು ಕ್ರ್ಯಾಶ್ ಗಾರ್ಡು, ಸೀಟ್ ಕವರು ಕಡ್ಡಾಯ ಅಂತ ಯಾವ ಕಾನೂನೂ ಹೇಳಲ್ಲ. ಬೇಕಾದರೆ ಹಾಕಿಸಿ, ಬೇಡ ಅಂದ್ರೆ ಬೇಡ. ಅದೇ ಸಾಮಾನು ಹೊರಗಿನ ಅಂಗಡಿಯಲ್ಲಿ ಎಷ್ಟಿದೆ ಅಂತ ಒಂದು ಸಲ ಕೇಳಿ ನೋಡಿ.

ಮೂರನೇದು ಹೆಲ್ಮೆಟ್. ನಿಯಮ 138ರಲ್ಲಿ ಸ್ಪಷ್ಟವಾಗಿದೆ, ಬೈಕ್ ಕೊಳ್ಳುವಾಗ ಬಿಐಎಸ್ ಗುಣಮಟ್ಟದ ಹೆಲ್ಮೆಟನ್ನ ತಯಾರಕರು ಒದಗಿಸಬೇಕು. 2021ರ ಜೂನ್‌ನಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರೋದೇ ಅಪರಾಧ. ಬಿಲ್ಲಿನಲ್ಲಿ ಹೆಲ್ಮೆಟ್ ದುಡ್ಡು ಕಂಡರೆ ಈ ನಿಯಮದ ಹೆಸರು ಹೇಳಿ ಕೇಳಿ. ಅವರು ಕೊಡೋ ಹೆಲ್ಮೆಟನ್ನೂ ತಿರುಗಿಸಿ ನೋಡಿ, ಐಎಸ್‌ಐ ಗುರುತು ಇದೆಯಾ ಅಂತ. ಬಕೆಟ್ ಕೊಡ್ತಿದ್ದಾರೋ ಹೆಲ್ಮೆಟ್ ಕೊಡ್ತಿದ್ದಾರೋ ಗೊತ್ತಾಗಬೇಕಲ್ಲ. ಅದು ನಿಮ್ಮ ಮಗನ ತಲೆ.

ನಾಲ್ಕನೇದು ನಂಬರ್ ಪ್ಲೇಟು. 2019ರ ಏಪ್ರಿಲ್ 1ರಿಂದ ತಯಾರಾದ ಗಾಡಿಗಳಿಗೆ ಎಚ್‌ಎಸ್‌ಆರ್‌ಪಿ ಪ್ಲೇಟನ್ನ ತಯಾರಕರೇ ಕೊಡಬೇಕು. ಅದಕ್ಕೆ ಬೇರೆ ಲೈನ್ ಹಾಕಿ ದುಡ್ಡು ಬರೆದಿದ್ದರೆ, ಯಾಕೆ ಅಂತ ಕೇಳಿ.

ಐದನೇದು, ಆರನೇದು, ಏಳನೇದು... ಟೆಫ್ಲಾನ್ ಕೋಟಿಂಗು, ರೋಡ್ ಸೈಡ್ ಅಸಿಸ್ಟೆನ್ಸು, ಎಕ್ಸ್‌ಟೆಂಡೆಡ್ ವಾರಂಟಿ, ಮೆಂಬರ್‌ಶಿಪ್ ಕಾರ್ಡು. ಇವುಗಳಲ್ಲಿ ಕೆಲವು ಉಪಯೋಗಕ್ಕೆ ಬರಬಹುದು, ನಾನು ಇಲ್ಲ ಅನ್ನಲ್ಲ. ಆದರೆ ಬೇಕೋ ಬೇಡವೋ ಅಂತ ಹೇಳಬೇಕಾದವರು ನೀವು. ಹೊಸ ಬೈಕಿನ ಪೇಂಟಿಗೆ ಮೊದಲ ದಿನವೇ ಪಾಲಿಶ್ ಹೊಡೆದು ದುಡ್ಡು ತಗೊಳ್ಳೋದು ಯಾವ ಕರ್ಮ? ಹಾಲಿನ ಕ್ಯಾನು ಉಜ್ಜಿ ಉಜ್ಜಿ ಆರು ತಿಂಗಳಿಗೆ ಆ ಬಣ್ಣ ಹೇಗಿದ್ದರೂ ಹೋಗುತ್ತೆ. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಹಾಗೆ.

ಇಷ್ಟು ಸಾಲದು ಅಂತ ಇನ್ನೊಂದು ವರಸೆ ಇದೆ. ಫ್ಲೆಕ್ಸಿನಲ್ಲಿ ಹಾಕಿರೋದು ಕಡಿಮೆ ಬೆಲೆಯ ಮಾಡೆಲ್. ಡ್ರಮ್ ಬ್ರೇಕು, ಅಲಂಕಾರ ಇಲ್ಲದ್ದು. ಒಳಗೆ ಹೋಗಿ ಅದೇ ಕೊಡಿ ಅನ್ನಿ. "ಸರ್, ಅದು ಸ್ಟಾಕ್ ಇಲ್ಲ. ಬುಕ್ ಮಾಡಿದ್ರೆ ಮೂರು ತಿಂಗಳಾಗುತ್ತೆ, ಅದಕ್ಕೆ ರೀಸೇಲ್ ಇಲ್ಲ. ಇದು ನೋಡಿ, ಡಿಸ್ಕು, ಬ್ಲೂಟೂತು, ಇವತ್ತೇ ಡೆಲಿವರಿ, ಹಬ್ಬಕ್ಕೆ ಪೂಜೆ ಮಾಡಬಹುದು." 75 ಸಾವಿರದ ಬೈಕ್ ನೋಡೋಕೆ ಹೋದವನು 90 ಸಾವಿರದ ಬೈಕಿಗೆ ಅಡ್ವಾನ್ಸ್ ಕೊಟ್ಟು ಬರ್ತಾನೆ. ಅಡ್ವಾನ್ಸಿನ ಚೀಟಿಯ ಕೆಳಗೆ ಇರುವೆ ಸಾಲಿನ ಹಾಗೆ ಸಣ್ಣ ಇಂಗ್ಲಿಷಿನಲ್ಲಿ, ಹಣ ವಾಪಸ್ ಇಲ್ಲ ಅಂತ ಬರೆದಿರುತ್ತೆ.

ಈಗ ಅಸಲಿ ವಿಷಯಕ್ಕೆ ಬರ್ತೀನಿ. ಸಾಲ.

ಇಂಥ ಬೈಕುಗಳನ್ನ ಎಷ್ಟೋ ಜನ ತಗೊಳ್ಳೋದು ಸಾಲದ ಮೇಲೆ. ಶೋರೂಮಿನಲ್ಲೇ ಫೈನಾನ್ಸ್ ಹುಡುಗನ ಟೇಬಲ್ ಇರುತ್ತೆ. "ಬಡ್ಡಿ ಬರೀ 12 ಪರ್ಸೆಂಟು ಸರ್, ವರ್ಷಕ್ಕೆ." ಕೇಳೋಕೆ ಏನೂ ತೊಂದರೆ ಇಲ್ಲ. ಆದರೆ ಅದು ಫ್ಲಾಟ್ ರೇಟು. ಅಂದ್ರೆ ಏನು? 80,000 ಸಾಲ, ಮೂರು ವರ್ಷ, ಶೇಕಡಾ 12. ವರ್ಷಕ್ಕೆ 9,600ರ ಹಾಗೆ ಮೂರು ವರ್ಷಕ್ಕೆ 28,800 ಬಡ್ಡಿ. ಒಟ್ಟು 1,08,800. ತಿಂಗಳ ಕಂತು 3,022. ಸರಿ ತಾನೇ?

ಸರಿ ಅಲ್ಲ. ನೀವು ಪ್ರತಿ ತಿಂಗಳೂ ಅಸಲು ತೀರಿಸ್ತಾ ಇದ್ದೀರಿ. ಎರಡನೇ ವರ್ಷದ ಕೊನೆಗೆ ನಿಮ್ಮ ಹತ್ರ ಉಳಿದಿರೋ ಅಸಲು 80,000 ಅಲ್ಲ, ಅದರ ಅರ್ಧಕ್ಕಿಂತಲೂ ಕಡಿಮೆ. ಆದರೂ ಬಡ್ಡಿ ಮಾತ್ರ ಪೂರ್ತಿ 80,000ಕ್ಕೇ ಕಟ್ತಾ ಇದ್ದೀರಿ. ಉಳಿದ ಅಸಲಿಗೆ ಮಾತ್ರ ಬಡ್ಡಿ ಅನ್ನೋ ಲೆಕ್ಕದಲ್ಲಿ ನೋಡಿದರೆ ಇದೇ ಕಂತು ಶೇಕಡಾ 21ಕ್ಕೂ ಹೆಚ್ಚು ಬಡ್ಡಿಯ ಸಾಲ. ಹನ್ನೆರಡು ಅಂತ ಹೇಳಿ ಇಪ್ಪತ್ತೊಂದು ವಸೂಲಿ. ಇದರ ಮೇಲೆ ಪ್ರೊಸೆಸಿಂಗ್ ಫೀಸು, ಸಾಲಕ್ಕೆ ಅಂಟಿಸಿದ ಇನ್ನೊಂದು ವಿಮೆ. ಊರಿನ ಬಡ್ಡಿ ಸಾಹುಕಾರನಿಗೆ ಬೈಯ್ಯೋ ನಾವು, ಟೈ ಕಟ್ಟಿಕೊಂಡವನ ಮುಂದೆ ಕಣ್ಣು ಮುಚ್ಚಿ ಸೈನ್ ಹಾಕ್ತೀವಿ.

ಇದಕ್ಕೊಂದು ಮದ್ದಿದೆ. 2024ರಲ್ಲಿ ರಿಸರ್ವ್ ಬ್ಯಾಂಕ್ ಒಂದು ಆದೇಶ ಮಾಡಿತು, ಆ ವರ್ಷದ ಅಕ್ಟೋಬರ್‌ನಿಂದ ಜಾರಿ. ಬ್ಯಾಂಕೇ ಇರಲಿ, ಫೈನಾನ್ಸ್ ಕಂಪನಿಯೇ ಇರಲಿ, ಸಾಲದ ಮುಖ್ಯ ವಿವರಗಳ ಪತ್ರ ಅಂತ ಒಂದು ಹಾಳೆ ಕೊಡಲೇಬೇಕು. ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಅಂತಾರೆ. ಎಲ್ಲಾ ಖರ್ಚೂ ಸೇರಿ ವರ್ಷಕ್ಕೆ ನಿಜವಾಗಿ ಎಷ್ಟು ಪರ್ಸೆಂಟು ಬೀಳುತ್ತೆ ಅಂತ ಅದರಲ್ಲಿ ಇರುತ್ತೆ. ಅದರಲ್ಲಿ ಬರೆಯದ ಚಾರ್ಜನ್ನ ನಿಮ್ಮ ಒಪ್ಪಿಗೆ ಇಲ್ಲದೆ ಆಮೇಲೆ ಹಾಕೋ ಹಾಗಿಲ್ಲ. ಇನ್ನೊಂದು ಮುಖ್ಯ ವಿಷಯ, ಆ ಹಾಳೆ ಸಾಲ ತಗೊಳ್ಳೋನಿಗೆ ಅರ್ಥವಾಗೋ ಭಾಷೆಯಲ್ಲಿ ಇರಬೇಕು. ಅಂದ್ರೆ ಕನ್ನಡದಲ್ಲಿ. ಕೇಳಿ. ಕೊಡೋ ತನಕ ಸೈನ್ ಹಾಕಬೇಡಿ. ಖಾಲಿ ಫಾರಂಗಂತೂ ಹಾಕಲೇಬೇಡಿ.

ಈಗ ಶೋರೂಮಿನವರು ಟಿವಿ ಮುಂದೆ ಕೂತು ನನಗೆ ಬೈಕೊಳ್ತಿರ್ತಾರೆ. ಅವರ ಮಾತೂ ಕೇಳೋಣ, ಅದು ನ್ಯಾಯ. ಅವರು ಹೇಳೋದು, ನೂರು ಸಿಸಿ ಬೈಕಿನಲ್ಲಿ ನಮಗೆ ಸಿಗೋ ಮಾರ್ಜಿನ್ ಬಹಳ ಕಡಿಮೆ. ಮೇನ್ ರೋಡಿನ ಬಾಡಿಗೆ, ಗಾಜಿನ ಗೋಡೆ, ಎಸಿ, ಸಿಬ್ಬಂದಿ ಸಂಬಳ. ಕಂಪನಿ ಪ್ರತಿ ತಿಂಗಳು ಟಾರ್ಗೆಟ್ ಅಂತ ಗಾಡಿ ಇಳಿಸಿ ಹೋಗುತ್ತೆ, ಮಾರಿದರೂ ಮಾರದಿದ್ದರೂ ಬ್ಯಾಂಕಿಗೆ ಬಡ್ಡಿ ನಾವು ಕಟ್ಟಬೇಕು. ಈ ಮಾತಿನಲ್ಲಿ ಸತ್ಯ ಇದೆ. ದ್ವಿಚಕ್ರ ವಾಹನದ ವ್ಯಾಪಾರವೇ ಒಂದು ದೊಡ್ಡ ಪೆಟ್ಟು ತಿಂದಿತ್ತು. 2018-19ರಲ್ಲಿ ದೇಶದಲ್ಲಿ 2 ಕೋಟಿ 11 ಲಕ್ಷ ಗಾಡಿ ಮಾರಾಟ ಆಗಿತ್ತು. 2021-22ಕ್ಕೆ ಅದು 1 ಕೋಟಿ 35 ಲಕ್ಷಕ್ಕೆ ಕುಸೀತು. 2024-25ರಲ್ಲಿ 1 ಕೋಟಿ 96 ಲಕ್ಷ. ಆರು ವರ್ಷ ಕಳೆದರೂ ಹಳೇ ಮಟ್ಟ ಮುಟ್ಟಿರಲಿಲ್ಲ.

ಯಾಕೆ ಬಿತ್ತು? ಕೊರೋನಾ ಒಂದು. ಇನ್ನೊಂದು ಬೆಲೆ. ಐದು ವರ್ಷದ ವಿಮೆ ಬಂತು. 2019ರಲ್ಲಿ 125 ಸಿಸಿ ಒಳಗಿನ ಗಾಡಿಗೆ ಎರಡೂ ಬ್ರೇಕ್ ಒಟ್ಟಿಗೆ ಹಿಡಿಯೋ ಸಿಬಿಎಸ್, ಅದಕ್ಕಿಂತ ದೊಡ್ಡದಕ್ಕೆ ಎಬಿಎಸ್ ಕಡ್ಡಾಯ ಆಯ್ತು. 2020ರ ಏಪ್ರಿಲ್‌ಗೆ ಬಿಎಸ್ 6 ಬಂತು, ಕಾರ್ಬ್ಯುರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂತು. ಎಲ್ಲವೂ ಒಳ್ಳೇದಕ್ಕೇ. ಹೊಗೆ ಕಡಿಮೆ ಆಯ್ತು, ಬ್ರೇಕು ಸುಧಾರಿಸ್ತು. ಆದರೆ 40 ಸಾವಿರದ ಒಳಗೆ ಶೋರೂಮ್ ಬೆಲೆ ಇದ್ದ ಬೈಕುಗಳು ಮಾರುಕಟ್ಟೆಯಿಂದಲೇ ಮಾಯವಾದವು. ಬೆಲೆ ಏರಿದಾಗ ಮೊದಲು ಶೋರೂಮಿನ ಮೆಟ್ಟಿಲು ಹತ್ತೋದು ನಿಲ್ಲಿಸಿದವನು ಯಾರು? ಕೆಳಗಿನ ತುದಿಯ ಗಿರಾಕಿ. ಈಗ ತೆರಿಗೆ ಇಳಿಸಿರೋದೇ ಅವನನ್ನ ವಾಪಸ್ ಕರೆಯೋಕೆ. ಹಾಗೆ ಬಂದವನ ಜೇಬಿಗೇ ಮತ್ತೆ ಕೈ ಹಾಕಿದರೆ ನಷ್ಟ ಯಾರಿಗೆ ಅಂತ ಡೀಲರುಗಳೂ ಒಂದು ನಿಮಿಷ ಯೋಚನೆ ಮಾಡಲಿ.

ಇನ್ನು ಆ ಸೇಲ್ಸ್ ಹುಡುಗ. ಅವನಿಗೆ ಬೈಯ್ಯಬೇಡಿ. ಅವನೂ ಯಾವುದೋ ಹಳ್ಳಿಯಿಂದ ಬಂದ ಬಡವರ ಮನೆ ಮಗ. ಎಷ್ಟು ಬೈಕ್ ಮಾರಿದೆ ಅನ್ನೋದರ ಜೊತೆಗೆ ಎಷ್ಟು ಇನ್ಶೂರೆನ್ಸ್ ಮಾಡಿಸಿದೆ, ಎಷ್ಟು ಕಿಟ್ ಮಾರಿದೆ, ಎಷ್ಟು ಲೋನ್ ಕೊಡಿಸಿದೆ ಅನ್ನೋದರ ಮೇಲೂ ಅವನ ಇನ್ಸೆಂಟಿವ್ ನಿಂತಿರುತ್ತೆ. ಅವನೇ ಓಡಿಸೋ ಬೈಕಿನ ಕಂತೂ ಇನ್ನೂ ತೀರಿರಲ್ಲ. ಕೇಳಬೇಕಾದದ್ದು ಅವನನ್ನಲ್ಲ, ಆ ಟಾರ್ಗೆಟ್ ಹಾಕಿದವರನ್ನ.

ನನ್ನ ನೇರ ಪ್ರಶ್ನೆ ಕಂಪನಿಗಳಿಗೆ. ನೀವು ಯಾರೂ ದೂರದವರಲ್ಲ. ಕೋಲಾರದ ನರಸಾಪುರದಲ್ಲಿ, ಮೈಸೂರಿನಲ್ಲಿ ದೊಡ್ಡ ದೊಡ್ಡ ಕಾರ್ಖಾನೆಗಳಿವೆ. ನಮ್ಮ ನೆಲ, ನಮ್ಮ ನೀರು, ನಮ್ಮ ಹುಡುಗರ ದುಡಿಮೆ. ಜಿಎಸ್‌ಟಿ ಇಳಿಕೆಯನ್ನ ಪೂರ್ತಿ ಗ್ರಾಹಕರಿಗೆ ಕೊಡ್ತೀವಿ ಅಂತ ದೊಡ್ಡ ಅಕ್ಷರದಲ್ಲಿ ಜಾಹೀರಾತು ಕೊಟ್ಟಿರಿ, ಸಂತೋಷ. ಆದರೆ ನಿಮ್ಮದೇ ಬೋರ್ಡಿನ ಕೆಳಗೆ, ನಿಮ್ಮದೇ ಯೂನಿಫಾರಂ ಹಾಕಿಕೊಂಡು, ಹ್ಯಾಂಡ್ಲಿಂಗ್ ಅಂತ ವಸೂಲಿ ಮಾಡಿದರೆ "ಅದು ಡೀಲರ್ ವಿಷಯ" ಅಂತ ಕೈ ತೊಳ್ಕೋಬಹುದಾ? ಎಕ್ಸ್ ಶೋರೂಮ್ ಬೆಲೆ ಇಳಿಸಿದ್ದೀರಿ. ಆನ್ ರೋಡ್ ಬೆಲೆಗೆ ಜವಾಬ್ದಾರಿ ಯಾರು?

ಸರ್ಕಾರ ಮನಸ್ಸು ಮಾಡಿದರೆ ಆಗುತ್ತೆ ಅನ್ನೋಕೆ ಉದಾಹರಣೆ ಇದೆ. ಎಲೆಕ್ಟ್ರಿಕ್ ಸ್ಕೂಟರಿನ ವಿಷಯ ನೆನಪು ಮಾಡ್ಕೊಳ್ಳಿ. ಗಾಡಿ ಬೆಲೆ ಸಬ್ಸಿಡಿ ಮಿತಿಯೊಳಗೆ ಇರಲಿ ಅಂತ ಚಾರ್ಜರಿಗೆ ಬೇರೆ ದುಡ್ಡು ತಗೊಂಡ್ರು. ಚಾರ್ಜರ್ ಇಲ್ಲದ ಎಲೆಕ್ಟ್ರಿಕ್ ಗಾಡಿ! ಕೇಂದ್ರ ಸರ್ಕಾರ ತನಿಖೆ ಮಾಡ್ತು. 2023ರಲ್ಲಿ ನಾಲ್ಕು ದೊಡ್ಡ ಕಂಪನಿಗಳು ಆ ದುಡ್ಡನ್ನ ಗ್ರಾಹಕರಿಗೆ ವಾಪಸ್ ಕೊಡೋಕೆ ಒಪ್ಪಿಕೊಂಡವು. ಚಾರ್ಜರಿಗೆ ಆದ ನ್ಯಾಯ ಸೀರೆ ಗಾರ್ಡಿಗೆ ಯಾಕಾಗಬಾರದು?

ನಮ್ಮ ರಾಜ್ಯ ಸರ್ಕಾರಕ್ಕೂ ಒಂದು ಮಾತು. ಬೋರ್ಡಿನಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನು ತಿದ್ದುಪಡಿ ಮಾಡಿದಿರಿ. ಶೋರೂಮಿನ ತಲೆ ಮೇಲೆ ಕನ್ನಡ ಬಂತು. ಒಳಗೆ ಬಿಲ್ಲು, ಸಾಲದ ಪತ್ರ, ವಿಮೆ ಪಾಲಿಸಿ ಎಲ್ಲಾ ಇಂಗ್ಲಿಷು. ಒಂದು ಕೆಲಸ ಮಾಡಿ. ಪ್ರತಿ ಶೋರೂಮಿನ ಬಾಗಿಲಲ್ಲಿ, ಪ್ರತಿ ಮಾಡೆಲಿಗೂ, ಕನ್ನಡದಲ್ಲಿ ಒಂದು ಪಟ್ಟಿ ಹಾಕಿಸಿ. ಬೈಕಿನ ಬೆಲೆ ಇಷ್ಟು, ತೆರಿಗೆ ಇಷ್ಟು, ನೋಂದಣಿ ಇಷ್ಟು, ಕಡ್ಡಾಯ ವಿಮೆ ಇಷ್ಟು. ಕೆಳಗೆ ಒಂದು ಗೆರೆ. ಗೆರೆಯ ಕೆಳಗಿನದು ನಿಮ್ಮ ಇಷ್ಟ, ಕಡ್ಡಾಯ ಅಲ್ಲ ಅಂತ ಬರೆಸಿ. ಪೆಟ್ರೋಲ್ ಬಂಕಿನಲ್ಲಿ ದಿನಾ ದರ ಹಾಕ್ತಾರೆ, ನ್ಯಾಯಬೆಲೆ ಅಂಗಡಿಯಲ್ಲಿ ಹಾಕ್ತಾರೆ. ಇಲ್ಲಿ ಯಾಕಾಗಲ್ಲ? ಇದಕ್ಕೆ ಕೋಟಿಗಟ್ಟಲೆ ಬಜೆಟ್ ಬೇಡ, ಒಂದು ಸುತ್ತೋಲೆ ಸಾಕು.

ಅಲ್ಲಿ ತನಕ ನೀವೇನು ಮಾಡಬೇಕು? ಪೆನ್ನು ತಗೊಳ್ಳಿ, ಬರ್ಕೊಳ್ಳಿ.

ಒಂದು, ಕಾರ್ಡಿನ ಹಿಂದೆ ಬರೆದ ಅಂಕಿಗೆ ಅಡ್ವಾನ್ಸ್ ಕೊಡಬೇಡಿ. ಶೋರೂಮಿನ ಸೀಲ್ ಇರೋ ಕೊಟೇಷನ್ ಕೇಳಿ, ಒಂದೊಂದು ಲೈನೂ ಬೇರೆ ಬೇರೆ ಇರಬೇಕು. ಅದೇ ಬೈಕಿಗೆ ಎರಡು ಶೋರೂಮಿನಲ್ಲಿ ಕೊಟೇಷನ್ ತನ್ನಿ. ಪಕ್ಕದ ತಾಲ್ಲೂಕಿನದಾದರೂ ಸರಿ.

ಎರಡು, ಇನ್ಶೂರೆನ್ಸ್ ಶೋರೂಮಿನಲ್ಲೇ ಮಾಡಿಸಬೇಕು ಅಂತಿಲ್ಲ. ವಿಮಾ ಕಂಪನಿ ಆಯ್ಕೆ ಮಾಡೋ ಹಕ್ಕು ನಿಮ್ಮದು. ಡೀಲರಿಗೆ ಅದರಲ್ಲಿ ಕಮಿಷನ್ ಇದೆ, ಅದಕ್ಕೇ ಒತ್ತಾಯ. ಥರ್ಡ್ ಪಾರ್ಟಿ ದರ ಎಲ್ಲಾ ಕಡೆ ಒಂದೇ, ಆದರೆ ಸ್ವಂತ ಗಾಡಿಯ ವಿಮೆ ದರ ಕಂಪನಿಯಿಂದ ಕಂಪನಿಗೆ ಬೇರೆ. ಹೊರಗೆ ವಿಚಾರಿಸಿ ಹೋಗಿ, ಅವರೇ ಇಳಿಸ್ತಾರೆ.

ಮೂರು, ಆಕ್ಸೆಸರಿ ತಗೊಂಡರೇ ಬೈಕ್ ಕೊಡೋದು ಅಂತ ಯಾರಾದರೂ ಹೇಳಿದರೆ, ಅದನ್ನ ಬರೆದುಕೊಡಿ ಅನ್ನಿ. ಯಾರೂ ಬರೆದುಕೊಡಲ್ಲ. ಒಂದು ವಸ್ತು ಬೇಕಾದರೆ ಇನ್ನೊಂದನ್ನ ಕೊಳ್ಳಲೇಬೇಕು ಅನ್ನೋದು 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ನಿರ್ಬಂಧಿತ ವ್ಯಾಪಾರ ಪದ್ಧತಿ. ಬಿಲ್ಲು ಕೊಡದೆ ದುಡ್ಡು ತಗೊಳ್ಳೋದು ಅನುಚಿತ ವ್ಯಾಪಾರ ಪದ್ಧತಿ.

ನಾಲ್ಕು, ನೋಂದಣಿ ಇಲ್ಲದೆ ಗಾಡಿ ಹೊರಗೆ ತರಬೇಡಿ. ತಾತ್ಕಾಲಿಕವೋ ಕಾಯಮ್ಮೋ, ನೋಂದಣಿ ಆಗದೆ ಡೀಲರ್ ಗಾಡಿ ಕೊಡೋ ಹಾಗಿಲ್ಲ ಅಂತ ನಿಯಮ 42 ಇದೆ. ಹಬ್ಬದ ಆತುರದಲ್ಲಿ ತಂದು, ದಾರಿಯಲ್ಲಿ ಏನಾದರೂ ಆದರೆ ಕೋರ್ಟು ಅಲೆಯೋರು ನೀವು.

ಐದು, ಎಲ್ಲಾ ದುಡ್ಡೂ ಖಾತೆಗೆ ಹಾಕಿ, ನಗದು ಬೇಡ. ತೆರಿಗೆ ರಸೀದಿ, ವಿಮೆ ಪಾಲಿಸಿ, ಬಿಲ್ಲು ಮೂರನ್ನೂ ಕೂಡಿಸಿ, ನೀವು ಕೊಟ್ಟ ಮೊತ್ತಕ್ಕೆ ತಾಳೆ ನೋಡಿ. ತಾಳೆ ಆಗದ ದುಡ್ಡು ಎಷ್ಟಿದೆಯೋ ಅಷ್ಟನ್ನ ವಾಪಸ್ ಕೇಳಿ.

ಆರು, ಸಾಲ ತೀರಿದ ಮೇಲೆ ಎನ್‌ಒಸಿ ತಗೊಂಡು, ಫಾರಂ 35 ಕೊಟ್ಟು, ಆರ್‌ಸಿಯಿಂದ ಫೈನಾನ್ಸ್ ಕಂಪನಿ ಹೆಸರು ತೆಗೆಸಿ. ಎಷ್ಟೋ ಜನ ಮರೀತಾರೆ. ಬೈಕ್ ಮಾರೋ ದಿನ ಗೊತ್ತಾಗುತ್ತೆ, ಗಾಡಿ ಇನ್ನೂ ಅವರ ಹೆಸರಲ್ಲೇ ಅಡ ಇದೆ ಅಂತ.

ಇಷ್ಟಾದರೂ ಕೇಳಲಿಲ್ಲ ಅಂದ್ರೆ 1915. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಫೋನ್ ಮಾಡಿ ದೂರು ಬರೆಸಿ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ನೀವು ಕೊಟ್ಟ ಬೆಲೆ 5 ಲಕ್ಷದ ಒಳಗಿದ್ದರೆ ದೂರು ಕೊಡೋಕೆ ಶುಲ್ಕ ಇಲ್ಲ. ವಕೀಲರು ಬೇಕೇಬೇಕು ಅಂತಿಲ್ಲ. ಎರಡು ವರ್ಷದ ಒಳಗೆ ಕೊಡಬೇಕು, ಅಷ್ಟೇ.

ಎರಡು ಸಾವಿರಕ್ಕೆ ಯಾರು ಅಲೀತಾರೆ ಅಂತೀರಾ? ಅವರು ನಂಬಿರೋದೇ ಆ ಮಾತನ್ನ. ದಿನಕ್ಕೆ ಹತ್ತು ಬೈಕ್ ಮಾರೋ ಶೋರೂಮು ಒಂದೊಂದು ಬೈಕಿಗೆ 2,000ದ ಹಾಗೆ ಹ್ಯಾಂಡ್ಲಿಂಗ್ ತಗೊಂಡರೆ ದಿನಕ್ಕೆ 20 ಸಾವಿರ, ತಿಂಗಳಿಗೆ 6 ಲಕ್ಷ. ಒಬ್ಬ ಕೇಳಿದರೆ ಅವನಿಗೊಬ್ಬನಿಗೆ ಬಿಡ್ತಾರೆ, "ನಿಮಗೆ ಮಾತ್ರ" ಅಂತಾರೆ. ಹತ್ತರಲ್ಲಿ ಆರು ಜನ ಕೇಳಿದರೆ ಆ ಲೈನೇ ಬಿಲ್ಲಿನಿಂದ ಹೋಗುತ್ತೆ. ಕಾನೂನು ಆಗಲೇ ಇದೆ, ಕೇಳೋ ಬಾಯಿ ಕಡಿಮೆ ಇದೆ.

ಈ ವಾರ ಶೋರೂಮಿಗೆ ಹೋಗೋರು ಈ ಕಾರ್ಯಕ್ರಮ ನೋಡಿದವರೇ ಆಗಿದ್ದರೆ, ಒಂದೇ ಒಂದು ವಾಕ್ಯ ಹೇಳಿ ಸಾಕು: "ಇದು ಕಡ್ಡಾಯನಾ? ಹೌದು ಅಂದ್ರೆ ಯಾವ ನಿಯಮ, ಬರೆದುಕೊಡಿ." ಜಗಳ ಬೇಡ, ದನಿ ಏರಿಸೋದೂ ಬೇಡ. ಕೇಳಿ ಸುಮ್ಮನೆ ಕೂತ್ಕೊಳ್ಳಿ. ಆ ಕಾರ್ಡಿನ ಹಿಂದೆ ಇರೋ ಅಂಕಿ ನಿಮ್ಮ ಕಣ್ಣ ಮುಂದೆಯೇ ಬದಲಾಗುತ್ತೆ.

ಎಲ್ಲರಿಗೂ ಆಯುಧ ಪೂಜೆಯ ಶುಭಾಶಯ. ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಹತ್ತಿಸೋ ಮುಂಚೆ ತಲೆಗೆ ಹೆಲ್ಮೆಟ್ ಹಾಕ್ಕೊಳ್ಳಿ, ಬಕಲ್ ಬಿಗೀರಿ.